ದಿನಾಂಕ ಗೊತ್ತಿಲ್ಲದ ಕೆಲಸಗಳಿಗೂ ಒಂದು ಜಾಗ ಬೇಕು

ನಮ್ಮ ಮನೆಯವರೆಲ್ಲ ಸೇರಿ ಬಳಸುವ ಕ್ಯಾಲೆಂಡರಿಗೆ ಒಂದು ಚಾಳಿ ಇದೆ. ಏನು ಬರೆಯಲು ಹೋದರೂ ಮೊದಲು ದಿನಾಂಕ ಕೇಳುತ್ತದೆ. ಹಲ್ಲಿನ ಡಾಕ್ಟರ ಬಳಿ ಹೋಗುವುದು, ಮಗಳ ಪರೀಕ್ಷೆ, ವಿಮೆಯ ಕಂತು ಇಂಥವಕ್ಕೆ ಅದು ಸರಿ. ಆದರೆ ನಾವು ಮೈಸೂರಿನಲ್ಲಿದ್ದರೂ ನಮ್ಮ ಅರ್ಧ ಸಂಸಾರ ಪಾಂಡವಪುರದ ಕಡೆಯ ಹಳ್ಳಿಯಲ್ಲಿದೆ. ಅಲ್ಲಿಯ ದೊಡ್ಡ ಕೆಲಸಗಳಿಗೆ ಮುಂಚಿತವಾಗಿ ದಿನ ಹೇಳುವ ಧೈರ್ಯ ಯಾರಿಗೂ ಇಲ್ಲ. ನಾಲೆಗೆ ನೀರು ಯಾವಾಗ? ‘ಬಿಟ್ಟಾಗ.’ ಆಲೆಮನೆಗೆ ಕಬ್ಬು ಯಾವಾಗ? ‘ಹೇಳಿ ಕಳಿಸುತ್ತಾರೆ.’ ಊರ ಹಬ್ಬ? ‘ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ.’ ಮಾವನವರು ಕೊಡುವ ಈ ಉತ್ತರಗಳಲ್ಲಿ ಒಂದೂ ಸುಳ್ಳಲ್ಲ. ಫೋನಿನ ಚೌಕದಲ್ಲಿ ಮಾತ್ರ ಒಂದೂ ಹಿಡಿಸುವುದಿಲ್ಲ.

ಕಾಲೇಜಿನ ರಜೆಯಲ್ಲಿ ಇದಕ್ಕೊಂದು ಗತಿ ಕಾಣಿಸಬೇಕೆಂದು ಕುಳಿತಿದ್ದೇನೆ. ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಮನೆಯಲ್ಲಿ ತಂತಿ, ಬೆಳಕು ಇರುವ ಯಾವ ವಸ್ತು ಕೆಟ್ಟರೂ ನನ್ನ ಪಾಲಿಗೇ ಬರುತ್ತದೆ.

ಸದ್ಯದ ವ್ಯವಸ್ಥೆ ಹೀಗಿದೆ. ಸರಸ್ವತಿಪುರಂ ಮನೆಯ ಪುಸ್ತಕದ ಕಪಾಟಿನ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಎಲ್ಲರ ಫೋನಿಗೂ ಕ್ಯಾಲೆಂಡರ್ ಹಂಚುವ ರಾಡಿಕೇಲ್ ಎಂಬ ಪುಟ್ಟ ಸರ್ವರ್ ತಂತ್ರಾಂಶ. ಹಳೆಯ ಲ್ಯಾಪ್‌ಟಾಪನ್ನೇ ಇಟ್ಟಿರುವುದು ಬ್ಯಾಟರಿಯ ಆಸೆಗೆ, ಕರೆಂಟ್ ಹೋದರೂ ಅದು ಒಂದಷ್ಟು ಹೊತ್ತು ಉಸಿರಾಡುತ್ತದೆ. ಫೋನಿನ ಕ್ಯಾಲೆಂಡರನ್ನು ಸರ್ವರಿನ ಜೊತೆ ಹೊಂದಿಸಲು ಆಂಡ್ರಾಯ್ಡ್ ಫೋನುಗಳಲ್ಲಿ ಡ್ಯಾವ್‌ಎಕ್ಸ್5 ಆ್ಯಪ್ ಹಾಕಿದ್ದೇನೆ. ಮಗಳ ಐಫೋನಿಗೆ ಬೇರೆ ಆ್ಯಪ್ ಬೇಡ, ಹಾಗೆ ಹೊಂದಿಸುವ ಕಾಲ್‌ಡ್ಯಾವ್ ಎಂಬ ಪದ್ಧತಿ ಅದರಲ್ಲೇ ಇದೆ. ಹೊರಗಿನಿಂದ ಮನೆಯ ಯಂತ್ರವನ್ನು ತಲುಪಲು ವೈರ್‌ಗಾರ್ಡ್ ಎಂಬ ಸುರಕ್ಷಿತ ಖಾಸಗಿ ದಾರಿ ಇದೆ. ಗೂಗಲ್ ಕ್ಯಾಲೆಂಡರ್ ಬಿಟ್ಟು ಇಷ್ಟೆಲ್ಲ ಏಕೆ ಎಂದು ನನ್ನನ್ನು ಕೇಳದವರಿಲ್ಲ. ನಮ್ಮ ಮನೆಯವರು ಯಾವ ದಿನ ಎಲ್ಲಿರುತ್ತಾರೆ, ಮನೆಗೆ ಯಾವಾಗ ಬೀಗ ಬೀಳುತ್ತದೆ ಎಂಬ ಪಟ್ಟಿ ನಮ್ಮ ಮನೆಯಲ್ಲೇ ಇರಲಿ ಎಂಬುದು ನನ್ನ ಹಟ. ಅದರ ಮೇಲೆ ವಾದ ಮಾಡುವುದಿಲ್ಲ.

ರಾಡಿಕೇಲ್‌ನಲ್ಲಿ ನನಗೆ ಹಿಡಿಸಿದ್ದು ಅದರ ಸರಳತನ. ಒಂದೊಂದು ನಮೂದೂ ಒಂದೊಂದು ಐಸಿಎಸ್ ಕಡತ, ಅಂದರೆ ಬರೀ ಪಠ್ಯದ ಕ್ಯಾಲೆಂಡರ್ ಕಡತ. ತೆರೆದರೆ ಓದಬಹುದು, ಬೇಕೆಂದರೆ ಕೈಯಲ್ಲೇ ತಿದ್ದಬಹುದು. ಪ್ರತಿ ಬದಲಾವಣೆಯೂ ಕಡತಗಳ ಇತಿಹಾಸ ಇಡುವ ಗಿಟ್ ತಂತ್ರಾಂಶದಲ್ಲಿ ದಾಖಲಾಗುವಂತೆ, ಮಾಡಿದವರ ಹೆಸರೂ ಸೇರುವಂತೆ ಒಂದು ಸಾಲಿನಲ್ಲಿ ಹೇಳಿಬಿಡಬಹುದು. ‘ನಾನು ಅಳಿಸಿಲ್ಲ’ ಎಂಬ ಮಾತು ನಮ್ಮ ಮನೆಯಲ್ಲಿ ಕಡಿಮೆಯಾಗಿರುವುದು ಅದರಿಂದಲೇ.

ಇನ್ನು ನಾಲೆಯ ವಿಷಯ. ನಮ್ಮ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ಕೆಆರ್‌ಎಸ್ 124.80 ಅಡಿ ತುಂಬಿ ನಿಂತ ವರ್ಷದ ಮಾತೇ ಬೇರೆ. ನೀರು ಕಡಿಮೆಯಾದ ವರ್ಷ ಕಟ್ಟು ಪದ್ಧತಿ, ಅಂದರೆ ಕೆಲವು ದಿನ ಹರಿಸುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನೀರಾವರಿ ಸಲಹಾ ಸಮಿತಿಯ ತೀರ್ಮಾನ ಪತ್ರಿಕೆಯಲ್ಲಿ ಬಂದ ಮೇಲೂ ನಾಲೆಗೆ ಬಿಟ್ಟ ನೀರು ನಮ್ಮ ತೂಬಿಗೆ ತಲುಪುವ ದಿನ ಬೇರೆಯೇ ಇರುತ್ತದೆ. ಆ ಒಂದು ದಿನದ ಬೆನ್ನಿಗೆ ಎಲ್ಲರ ದಿನಗಳೂ ಜೋತುಬಿದ್ದಿವೆ. ನೀರು ನಂಬಿ ಒಟ್ಟಲು, ಅಂದರೆ ಭತ್ತದ ಸಸಿಮಡಿ, ಹಾಕಬೇಕು, ಪೈರು 21ರಿಂದ 25 ದಿನಕ್ಕೆ ನಾಟಿಗೆ ಬರುತ್ತದೆ, ನಾಟಿಗೆ ಆಳು ಹೇಳಬೇಕು, ಆಳು ಸಿಕ್ಕ ದಿನ ನಮ್ಮವರು ರಜೆ ಹಾಕಬೇಕು, ಅವರು ರಜೆ ಹಾಕಿದರೆ ಮೈಸೂರಿನ ಮನೆಯ ಗ್ಯಾಸು, ಬ್ಯಾಂಕು, ನಾಯಿ ಎಲ್ಲ ನನ್ನ ತಲೆಗೆ. ಮೊದಲನೆಯದು ಒಂದು ವಾರ ಸರಿದರೆ ಉಳಿದ ಎಲ್ಲವನ್ನೂ ನಾನು ಒಂದೊಂದಾಗಿ ಬೆರಳಿನಿಂದ ಎಳೆದು ಸರಿಸುತ್ತಾ ಕೂರಬೇಕು.

ಕ್ಯಾಲೆಂಡರುಗಳ ಭಾಷೆಯಾದ ಐಕ್ಯಾಲೆಂಡರ್ ಮಾನಕದಲ್ಲಿ, ಅಂದರೆ ಆರ್‌ಎಫ್‌ಸಿ ಎಂಬ ಅಂತರ್ಜಾಲದ ಮಾನಕ ದಾಖಲೆಗಳಲ್ಲಿ ಒಂದಾದ 2009ರ ಆರ್‌ಎಫ್‌ಸಿ 5545ರಲ್ಲಿ, ‘ಟೆಂಟೇಟಿವ್’ ಎಂಬ ಸ್ಥಿತಿ ಇದೆ. ಆದರೆ ಅದು ಹೇಳುವುದು ಕಾರ್ಯಕ್ರಮವೇ ಖಚಿತವಿಲ್ಲ ಎಂದು. ನಮ್ಮಲ್ಲಿ ನಾಟಿ ಆಗುವುದು ಖಚಿತ, ಖಚಿತವಿಲ್ಲದ್ದು ದಿನ ಮಾತ್ರ. ಅದೇ ಮಾನಕದಲ್ಲಿ ಮಾಡಬೇಕಾದ ಕೆಲಸಗಳಿಗೆ ಬೇರೆ ಜಾತಿಯ ನಮೂದು ಇದೆ, ಅದಕ್ಕೆ ದಿನಾಂಕ ಕೊಡಲೇಬೇಕೆಂದಿಲ್ಲ. ಹಾಗಾದರೆ ಅದನ್ನೇ ಬಳಸಬಹುದಲ್ಲ ಎನ್ನಬಹುದು. ಅದನ್ನು ತೋರಿಸಲು ಆಂಡ್ರಾಯ್ಡಿನಲ್ಲಿ ಇನ್ನೊಂದು ಆ್ಯಪ್ ಹಾಕಬೇಕು. ನಮ್ಮ ಮನೆಯಲ್ಲಿ ಎರಡನೆಯ ಆ್ಯಪನ್ನು ತೆರೆಯುವವಳು ನಾನೊಬ್ಬಳೇ.

ಆದ್ದರಿಂದ ನನ್ನ ಯೋಜನೆ ಇದು. ದಿನ ಗೊತ್ತಿಲ್ಲದ್ದನ್ನು ಒಂದು ಅವಧಿಯಾಗಿ ಬರೆಯುವುದು. ‘ಅಂದಾಜು: ನಾಲೆ ನೀರು’ ಎಂದು ಎರಡು ಮೂರು ವಾರಗಳ ಉದ್ದದ ಪಟ್ಟಿ, ಆದರೆ ಆ ದಿನಗಳಲ್ಲಿ ಯಾರನ್ನೂ ‘ಬಿಡುವಿಲ್ಲ’ ಎಂದು ತೋರಿಸದ ಹಾಗೆ. ಅದಕ್ಕೊಬ್ಬ ಹೊಣೆಗಾರ. ಅವಧಿ ಹತ್ತಿರವಾದಾಗ ಸರ್ವರಿನಲ್ಲಿ ನಾನು ಪೈಥಾನ್ ಭಾಷೆಯಲ್ಲಿ ಬರೆಯುವ ಪ್ರೋಗ್ರಾಂ ತುಣುಕು ಆ ಹೊಣೆಗಾರನಿಗೆ ಮಾತ್ರ ಒಂದು ಸಂದೇಶ ಕಳಿಸಿ ‘ನೀರು ಬಂತೇ?’ ಎಂದು ಕೇಳುತ್ತದೆ. ನೀರಿಗೆ ಮೈದುನ, ಆಲೆಮನೆಗೆ ಮಾವನವರ ಪರವಾಗಿ ಮತ್ತೆ ಮೈದುನ, ಊರ ಹಬ್ಬಕ್ಕೆ ಅತ್ತೆ. ಊರಿನಲ್ಲಿ ಹಬ್ಬದ ದಿನ ಸಾರಿದ ಸುದ್ದಿ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮುಟ್ಟುವುದು ಅವರಿಗೇ. ಉತ್ತರ ಬಂದಂತೆ ಪಟ್ಟಿ ಕಿರಿದಾಗಿ ಕೊನೆಗೆ ಒಂದು ದಿನವಾಗಿ ನಿಲ್ಲಬೇಕು.

ಒಂದರ ಹಿಂದೆ ಒಂದು ಸರಿಯುವ ಸರಪಳಿಗೂ ಮಾನಕದಲ್ಲಿ ದಾರಿ ಇದೆ. 2022ರ ಆರ್‌ಎಫ್‌ಸಿ 9253ರಲ್ಲಿ ‘ಇದು ಮುಗಿದ ಮೇಲೆ ಅದು ಶುರು, ನಡುವೆ ಇಷ್ಟು ಅಂತರ’ ಎಂದು ಎರಡು ನಮೂದುಗಳಿಗೆ ಗಂಟು ಹಾಕಬಹುದು. ಒಟ್ಟಲಿಗೂ ನಾಟಿಗೂ ಹೇಳಿ ಮಾಡಿಸಿದ ಹಾಗಿದೆ. ನಾವು ಬಳಸುವ ಫೋನ್ ಆ್ಯಪ್‌ಗಳು ಈ ಗಂಟನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನೋಡದಿದ್ದರೆ ಬಿಡಲಿ, ಕಡತದಲ್ಲಿ ಬರೆದಿದ್ದನ್ನು ಸರ್ವರಿನಲ್ಲಿರುವ ನನ್ನ ತುಣುಕು ಓದಿಕೊಂಡು ಸರಿಸಿದರೆ ಸಾಕು.

ಹಬ್ಬಗಳ ವಿಷಯದಲ್ಲಿ ಮಾತ್ರ ಕಂಪ್ಯೂಟರಿನಿಂದ ಲೆಕ್ಕ ಮಾಡಿಸುವ ಆಸೆಯನ್ನು ಬಿಟ್ಟಿದ್ದೇನೆ. ‘ಪ್ರತಿ ವರ್ಷ’ ಎಂದು ಒತ್ತಿದರೆ ಕ್ಯಾಲೆಂಡರು ತಿಳಿದುಕೊಳ್ಳುವುದು ಇಂಗ್ಲಿಷ್ ತಾರೀಖನ್ನು. ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಹನ್ನೊಂದು ದಿನ ಹಿಂದಕ್ಕೆ. ಹಾಗೆಂದು ಮಹಾಲಯ ಅಮಾವಾಸ್ಯೆಯೂ ಹಿಂದಕ್ಕೆ ಬರುತ್ತದೆಯೇ ಎಂದರೆ ಇಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ನಡುವೆ ಸೇರುವುದರಿಂದ ಅದು ಹಿಂದಿನ ವರ್ಷದ ಸೆಪ್ಟೆಂಬರ್ 21ರ ಬದಲು ಅಕ್ಟೋಬರ್ 10ಕ್ಕೆ ಹೋಗುತ್ತದೆ. ಹಿರಿಯರಿಗೆ ಎಡೆ ಇಡುವ ದಿನಕ್ಕೆ ಎಲ್ಲರೂ ಊರಿನಲ್ಲಿರಬೇಕಾದ ಮನೆ ನಮ್ಮದು, ಹತ್ತೊಂಬತ್ತು ದಿನದ ವ್ಯತ್ಯಾಸ ಸಣ್ಣದಲ್ಲ.

ಬೇರೆ ಪಂಚಾಂಗಗಳಂತೆ ಮರುಕಳಿಸುವ ನಿಯಮ ಬರೆಯಲು 2015ರ ಆರ್‌ಎಫ್‌ಸಿ 7529 ಇದೆ. ಅದು ಆಧರಿಸುವ ಪಂಚಾಂಗಗಳ ಪಟ್ಟಿಯಲ್ಲಿ ‘ಇಂಡಿಯನ್’ ಎಂಬ ಹೆಸರು ಕಂಡು ಖುಷಿಪಟ್ಟೆ. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಅದು 1957ರಲ್ಲಿ ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗ. ಅದರ ಚೈತ್ರ 1 ಯಾವಾಗಲೂ ಮಾರ್ಚ್ 22, ಅಧಿಕ ವರ್ಷದಲ್ಲಿ ಮಾರ್ಚ್ 21. ತಿಥಿಯ ಗೊಡವೆಯೇ ಅದಕ್ಕಿಲ್ಲ. ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋಗಲು ಹಿಡಿಯುವ ಹೊತ್ತು, ಸುಮಾರು 19ರಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಗ್ರಹಗತಿ ಲೆಕ್ಕ ಹಾಕುವ ಸ್ವಿಸ್ ಎಫಿಮೆರಿಸ್ ತಂತ್ರಾಂಶ ಬಳಸಿ ಅದನ್ನೂ ಲೆಕ್ಕ ಹಾಕಬಹುದು, ಕಷ್ಟವೇನಲ್ಲ. ಕಷ್ಟ ಇರುವುದು ಆಮೇಲೆ. ಉದಯಕ್ಕೆ ಇರುವ ತಿಥಿಯೋ, ಅಪರಾಹ್ನದ್ದೋ ಎಂಬುದು ಆಚರಣೆಯಿಂದ ಆಚರಣೆಗೆ ಬದಲಾಗುತ್ತದೆ. ನನ್ನ ಪ್ರೋಗ್ರಾಂ ಒಂದು ದಿನ ಹೇಳಿ, ಅತ್ತೆಯ ಕೈಯಲ್ಲಿರುವ ಒಂಟಿಕೊಪ್ಪಲ್ ಪಂಚಾಂಗ ಇನ್ನೊಂದು ದಿನ ಹೇಳಿದರೆ ಗೆಲ್ಲುವುದು ಯಾರೆಂದು ನನಗೆ ಗೊತ್ತಿದೆ. ಆದ್ದರಿಂದ ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೆ ಅತ್ತೆ ಓದುವುದು, ನಾನು ತುಂಬುವುದು. ಆಷಾಢ ಶುಕ್ರವಾರಗಳನ್ನೂ ಸೇರಿಸಿ. ಆ ದಿನಗಳಲ್ಲಿ ಚಾಮುಂಡಿ ಬೆಟ್ಟದ ಕಡೆ ಗಾಡಿ ತಿರುಗಿಸುವ ಆಲೋಚನೆ ಯಾರಿಗೂ ಬರಬಾರದಲ್ಲ! ಪ್ರತಿ ಹಬ್ಬಕ್ಕೂ ಬಿಡಿ ನಮೂದೇ ವಾಸಿ, ಒಂದನ್ನು ತಿದ್ದಿದರೆ ಇನ್ನೊಂದು ಅಲುಗುವುದಿಲ್ಲ.

ಎಚ್ಚರಿಕೆಯ ಗಂಟೆಯ ಕಾಟ ತಪ್ಪಿಸುವುದು ಸುಲಭ, ಆದರೆ ತುರ್ತು. ನಮ್ಮವರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ವಾರಕ್ಕೊಮ್ಮೆ ಬದಲು. ನಮೂದಿನೊಳಗೆ ಬರೆದ ಗಂಟೆ ಅದನ್ನು ಹಂಚಿಕೊಂಡ ಎಲ್ಲರ ಫೋನಿನಲ್ಲೂ ಬಡಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಕಣ್ಣು ಮುಚ್ಚಿದವರ ತಲೆಯ ಬಳಿ ‘ವಾರಗಿತ್ತಿಗೆ ರಕ್ತ ಪರೀಕ್ಷೆ’ ಎಂದು ಫೋನು ಕೂಗಿದರೆ ಆ ದಿನವೆಲ್ಲ ಮನೆಯಲ್ಲಿ ಮಾತುಕತೆ ಕಡಿಮೆ. ಹೊಲ, ಪಾಳಿ, ಹಬ್ಬ, ಆಸ್ಪತ್ರೆ ಎಂದು ಕ್ಯಾಲೆಂಡರನ್ನು ಬೇರೆ ಬೇರೆ ಮಾಡಿ, ಹಂಚಿಕೊಂಡ ನಮೂದುಗಳಿಂದ ಗಂಟೆಯನ್ನು ಸರ್ವರಿನಲ್ಲೇ ಕಿತ್ತುಹಾಕುತ್ತೇನೆ. ಯಾರಿಗೆ ಬೇಕೋ ಅವರು ತಮ್ಮ ಫೋನಿನಲ್ಲಿ ಇಟ್ಟುಕೊಳ್ಳಲಿ.

ಮಾವನವರಿಗೆ ಕಾಗದವೇ ಬೇಕು. ಗೋಡೆಯ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಸಿಕ್ಕಿಸುವ ವಾರದ ಹಾಳೆ, ಮೈದುನನ ಗೊಬ್ಬರದ ಅಂಗಡಿಯ ಪ್ರಿಂಟರಿನಲ್ಲಿ ತಾನಾಗಿ ಬರಬೇಕು. ಕನ್ನಡದ ಹಾಳೆ ಎಂದ ಕೂಡಲೇ ತೊಡಕು ಎರಡು. ಪ್ರಯೋಗಕ್ಕೆ ತೆಗೆದುಕೊಂಡ ಪಿಡಿಎಫ್ ಉಪಕರಣಕ್ಕೆ ಒತ್ತಕ್ಷರ ಕೂರಿಸಲು ಬಾರದು, ‘ಕಟ್ಟು’ ಎಂಬುದನ್ನು ‘ಕಟ್‌ಟು’ ಎಂದು ಉಗುಳಿತು. ಮಾವನವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ‘ಇದು ಯಾವ ಭಾಷೆ ಕಣಮ್ಮ?’ ಎಂದು ಕೇಳಿದರು. ಎಚ್‌ಟಿಎಂಎಲ್ ಪುಟ ಮಾಡಿ ಬ್ರೌಸರಿನಿಂದಲೇ ಪಿಡಿಎಫ್ ತೆಗೆದರೆ ಒತ್ತು, ಅರ್ಕಾವತ್ತು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಇನ್ನೊಂದು ತೊಡಕು ಕಡತದ ಒಳಗಿನದು. ಐಸಿಎಸ್ ಕಡತದ ಸಾಲು 75 ಬೈಟಿಗಿಂತ ಉದ್ದವಾಗಬಾರದು, ಉದ್ದವಾದರೆ ಮಡಚಿ ಮುಂದಿನ ಸಾಲಿಗೆ ಹಾಕಬೇಕು. ಇಂಗ್ಲಿಷಿನಲ್ಲಿ 75 ಅಕ್ಷರ ಹಿಡಿಸುವ ಜಾಗ ಅದು. ಕಂಪ್ಯೂಟರು ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಕೊಂಬು, ದೀರ್ಘ, ಒತ್ತಿಗೂ ಪ್ರತ್ಯೇಕ ಲೆಕ್ಕ. ಇಪ್ಪತ್ತೈದಕ್ಕೇ ಸಾಲು ತುಂಬುತ್ತದೆ. ಬೈಟು ಎಣಿಸಿ ಕಣ್ಣು ಮುಚ್ಚಿ ಕತ್ತರಿಸಿದರೆ ಅಕ್ಷರದ ನಡುವೆಯೇ ಕತ್ತಿ ಬೀಳುತ್ತದೆ. ನನ್ನ ತುಣುಕು ಬರೆಯುವಾಗ ಇದನ್ನು ಮೊದಲು ಪರೀಕ್ಷಿಸಬೇಕು.

ಅಡುಗೆಮನೆಯ ಗೋಡೆಗೆ ಟ್ಯಾಬ್ಲೆಟ್ ಹಾಕೋಣ ಎಂಬ ನಮ್ಮವರ ಸಲಹೆಯನ್ನು ತಳ್ಳಿಹಾಕಿದ್ದೇನೆ. ಒಗ್ಗರಣೆಯ ಜಿಡ್ಡು ಒರೆಸುವವರು ಯಾರು? ಮಗಳು ಕೇಳಿದ ಬಣ್ಣಬಣ್ಣದ ಗುರುತುಗಳೂ ಸದ್ಯಕ್ಕಿಲ್ಲ.

ಅತ್ತೆಯ ಬೇಡಿಕೆ ಮಾತ್ರ ಪಟ್ಟಿಯಲ್ಲಿ ಮೇಲಕ್ಕೆ ಬಂದಿದೆ. ಊರ ಹಬ್ಬಕ್ಕೆ ಎಷ್ಟು ಜನ ಉಣ್ಣುತ್ತಾರೆ ಎಂಬುದು ಅವರಿಗೆ ಹಿಂದಿನ ದಿನವೇ ಗೊತ್ತಾಗಬೇಕು. ಆಹ್ವಾನ ಕಳಿಸಿ ಒಪ್ಪಿಗೆ ಪಡೆಯುವ ವ್ಯವಸ್ಥೆ ರಾಡಿಕೇಲ್‌ನಲ್ಲಿ ಇಲ್ಲ. ಇದ್ದರೂ ನಮ್ಮ ನೆಂಟರು ಗುಂಡಿ ಒತ್ತಿ ‘ಬರುತ್ತೇನೆ’ ಎನ್ನುವವರಲ್ಲ. ‘ಎಲ್ಲರೂ ಬರುತ್ತಾರೆ ಅಂತಲೇ ಇಟ್ಟುಕೋ. ಬರದವರ ಹೆಸರು ಮಾತ್ರ ನನಗೆ ಹೇಳು’ ಎಂದರು ಅತ್ತೆ. ಹಾಗೆಯೇ ಮಾಡುತ್ತೇನೆ. ನಮೂದಿನ ವಿವರಣೆಯಲ್ಲಿ ‘ಇಲ್ಲ:’ ಎಂದು ಬರೆದು ಮುಂದೆ ಹೆಸರು ಹಾಕಿದರೆ ಅವನ್ನು ಎಣಿಸಿ, ಮನೆಯವರ ಒಟ್ಟು ಸಂಖ್ಯೆಯಿಂದ ಕಳೆದು, ಮಾವನವರ ವಾರದ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಮುದ್ರಿಸಬೇಕು. ತೊಟ್ಟಿಲಲ್ಲಿರುವ ಕೂಸನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬುದನ್ನು ವಾರಗಿತ್ತಿಯನ್ನು ಕೇಳಿ ತೀರ್ಮಾನಿಸುತ್ತೇನೆ.