ನಮ್ಮ ಭಾಷಾ ಸಿನಿಮಾದಾಗ ಬಂದ್ರ ನಿನಗ್ಯಾಕ ಸಿಟ್ಟು?

ಬೆಂಗಳೂರಾಗಿರೋ ಗೆಳ್ಯಾರೂ ಕೇಳ್ತಾರ, ಇಲ್ಲಿ ವಿದ್ಯಾನಗರದ ಚಾದಂಗಡ್ಯಾಗೂ ಕೇಳ್ತಾರ: ಹುಬ್ಬಳ್ಳಿಯಾವ ಇದ್ದಿ, ವಾರಕ್ಕೊಂದು ಪಿಚ್ಚರ್ ನೋಡ್ತಿ, ಅದ್ರಾಗ ನಮ್ಮ ಉತ್ತರ ಕರ್ನಾಟಕದ ಭಾಷಾ ಬಂತಂದ್ರ ಖುಷಿ ಪಡೂದು ಬಿಟ್ಟು ಮಾರಿ ಯಾಕ ಗಂಟು ಹಾಕ್ಕೋತಿ? ಪ್ರತಿ ಸಲ "ಹೋಗ್ಲಿ ಬಿಡೋ ಮಾರಾಯಾ" ಅಂದು ಚಾ ಕುಡದು ಬಂದೇನಿ, ಇವತ್ತ ಕುಂತು ಬರದಬಿಡ್ತೇನಿ.

ಮೊದಲ ಆ 'ರಿ' ವಿಷ್ಯಾ ಮುಗಸೂಣು. ಎರಡು ವರ್ಷದ ಹಿಂದ ಒಂದು ಪಿಚ್ಚರಿಗೆ ಹೋಗಿದ್ವಿ, ಹೆಸರು ಬ್ಯಾಡ, ಅದ್ರಾಗ ಒಬ್ಬಾವ ತನ್ನ ಸ್ವಂತ ತಮ್ಮಗ, ಅದೂ ಚಡ್ಡಿ ಹಾಕ್ಕೊಂಡಿರೋ ಹುಡುಗಗ, "ಎಲ್ಲಿಗೆ ಹೊಂಟೀರಿ, ಬರ್ರಿ, ಕುಂದರ್ರಿ" ಅಂತಾನ. ನಮ್ಮ ಸಾಲಿನ್ಯಾಗ ಒಬ್ರೂ ನಗಲಿಲ್ಲ, ಹಿಂದಿನ ಸಾಲಿಂದ ಒಂದು ದನಿ ಬಂತು, "ಯಾಕ, ತಮ್ಮ ತಹಶೀಲ್ದಾರ್ ಅದಾನೇನ?" ಆವಾಗ ನಕ್ವಿ. 'ರಿ' ಅಂದ್ರ ಮರ್ಯಾದಿ ಕೊಡೂದು ಅಣ್ಣಾ, ತುತ್ತು ತುತ್ತಿಗೂ ಹಚ್ಕೊಳ್ಳಾಕ ಅದೇನ ಉಪ್ಪಿನಕಾಯಿ ಅಲ್ಲ. ಅದ ಪಾತ್ರ ಒಂದು ಸೀನಿನ್ಯಾಗ 'ಐತಿ' ಅಂತದ, ಮುಂದಿನ ಸೀನಿನ್ಯಾಗ 'ಅದ' ಅಂತದ, ಕ್ಲೈಮ್ಯಾಕ್ಸಿಗೆ ಬರೂದ್ರಾಗ ಕಲಬುರಗಿ ಮುಟ್ಟಿರ್ತದ. ಹಾವೇರಿ ಜಿಲ್ಲಾದಾಗ ಹಿರೇಕೆರೂರ ಮಾತಿಗೂ ಸವಣೂರ ಮಾತಿಗೂ ಫರಕ್ ಐತಿ, ಇವ್ರಿಗೆ ದಾವಣಗೇರಿ ದಾಟಿದ್ರ ಎಲ್ಲಾ ಒಂದ.

ಆದ್ರ ಖರೇ ಸಿಟ್ಟು ಇದಲ್ಲ. ಶಬ್ದ ತಪ್ಪಿದ್ರ ತಪ್ಲಿ, ಡಬ್ಬಿಂಗ್‌ದಾಗ ಸರಿ ಮಾಡಬಹುದು. ನಮ್ಮ ಭಾಷಾ ಯಾರ ಬಾಯಾಗ ಇಡ್ತಾರ ಅನ್ನೂದ ನನ್ನ ತಕರಾರು. ಹೀರೋನ ದೋಸ್ತ, ಮನಿ ಕೆಲಸದಾಕಿ, ಬಿಲ್ಡಿಂಗ್ ಕಟ್ಟೋ ಮಂದಿ, ಇಲ್ಲಾ ಲಾಂಗ್ ಹಿಡಕೊಂಡು "ಲೇ ಮಗನ" ಅಂತ ಒದರಾವ. ಹೀರೋ ಮಾತ್ರ ಹುಟ್ಟಿದ್ದು ಧಾರವಾಡ ಅಂತ ಹೇಳಿದ್ರೂ ಮಾತಾಡೂದು ಬೆಂಗಳೂರಿನ ಕನ್ನಡ, ಹುಡುಗಿಗೆ ಪ್ರಪೋಸ್ ಮಾಡೂವಾಗಂತೂ ಪೂರ್ತಿ ಅದ. ನಾವೇನು ಪ್ರೀತಿನ ಮಾಡೂದಿಲ್ಲೇನು? ಒದರೂದೂ ಹಂಗ. ನಮ್ಮ ಕಡೆ "ಮಂಗ್ಯಾನ ಮಗನ" ಅನ್ನೂದ್ರಾಗ ಅರ್ಧಕ್ಕರ್ಧ ಸಲ ಪ್ರೀತಿ ಇರ್ತದ, ನಮ್ಮಪ್ಪ ನಾ ಡಿಗ್ರಿ ಪಾಸಾದಾಗ ಅಂದಿದ್ದ ಅದ, ಮೆಲ್ಲಕ ಅಂದಿದ್ದ.

"ಹಂಗ ಪೂರ್ತಿ ನಿಮ್ಮ ಭಾಷಾದಾಗ ಮಾಡಿದ್ರ ಉಳದಾವ್ರಿಗೆ ತಿಳಿಯೂದಿಲ್ಲಪಾ" ಅಂತಾರ. ಇದನ್ನ ಮಾತ್ರ ಇನ್ನ ಯಾರೂ ಹೇಳಬಾರ್ದು. 2022ರಾಗ 'ಕಾಂತಾರ' ಬಂತು, ಶಿವ ಅವ್ವನ ಕಡಿಂದ ಬೈಸ್ಕೊಳ್ಳೂದೂ ಕುಂದಾಪುರದ ಕಡೆ ಕನ್ನಡದಾಗ, ಲೀಲಾನ್ನ ಪ್ರೀತಿ ಮಾಡೂದೂ ಅದ್ರಾಗ. 2025ರ ಜುಲೈದಾಗ 'ಸು ಫ್ರಮ್ ಸೋ', ಊರಿಗೂರ ಕರಾವಳಿ ಕನ್ನಡ ಮಾತಾಡ್ತದ, ಹುಬ್ಬಳ್ಳಿ ಮಂದಿ ಅರ್ಧ ಶಬ್ದ ತಿಳೀಲಾರದ ಹೊಟ್ಟಿ ಹಿಡಕೊಂಡು ನಕ್ಕೋತ ಹೊರಗ ಬಂದ್ರು, ನಾನೂ ಎರಡು ಸಲ ನೋಡಿದೆ. ಅವ್ರದು ನಮಗ ತಿಳೀತದ, ನಮ್ಮದು ಅವ್ರಿಗೆ ತಿಳಿಯೂದಿಲ್ಲ ಅಂದ್ರ ಹೆಂಗ? ಆ ಪಿಚ್ಚರ್ ಬರದಾವ್ರು ಆ ಮಾತಿನ್ಯಾಗ ಬೆಳದಾವ್ರು, ಮಾತಿನ ಮ್ಯಾಲೆ ನಗಲಿಲ್ಲ, ಮಾತಿನೊಳಗ ನಗಿಸಿದ್ರು.

ಹಂಗಂತ ನಮ್ಮದ ಯಾರೂ ಸರಿ ಮಾಡೇ ಇಲ್ಲ ಅಂತಲ್ಲ. 'ರತ್ನನ್ ಪ್ರಪಂಚ'ದಾಗ ಗದಗಿನ ಉಡಾಳ್ ಬಾಬುರಾವ್ ಅದಾನಲ್ಲ, ಪ್ರಮೋದ್ ಮಾಡಿದ್ದು, ಅವ ಒದರತಾನ ಖರೇ, ಆದ್ರ ಅವಗ ಒಬ್ಬಾಕಿ ಅವ್ವ ಅದಾಳ, ಶ್ರುತಿ ಮಾಡಿದ್ದು, ಆ ಇಬ್ಬರ ನಡುವ ನಗೂದೂ ಅದ, ಅಳೂದೂ ಅದ. ಪ್ರಮೋದ್ ನಮ್ಮ ಕಡಿಯಾವ ಅಲ್ಲ, ಅಲ್ಲಲ್ಲಿ ನಾಲಗಿ ತಪ್ಪತದ, ನನಗೇನೂ ಅನಿಸಲಿಲ್ಲ. ಬ್ಯಾಸರ ಅಂದ್ರ 2021ರಾಗ ಅದು ಸೀದಾ ಓಟಿಟಿಗೆ ಬಂತು, ಗದಗಿನ ಥಿಯೇಟರಿನ್ಯಾಗ ಅವಗ ಸೀಟಿ ಬೀಳಬೇಕಾಗಿತ್ತು.

ಆಮ್ಯಾಲೆ ಟಿವಿ. ಬಿಗ್ ಬಾಸ್ ನಾ ನೋಡೂದಿಲ್ಲ, ಆದ್ರ ಹನ್ನೊಂದನೇ ಸೀಸನ್ ನೋಡಿದೆ, ಚಿಗವ್ವ ನೋಡ್ಸಿದ್ಲು. ಆಕಿನ ಮನಿ ಸವಣೂರು, ಆ ಸೀಸನ್‌ದಾಗಿದ್ದ ಹಾಡುಗಾರ ಹನುಮಂತನ ಊರು ಚಿಲ್ಲೂರ ಬಡ್ನಿ ಅದ ತಾಲೂಕು. ನಡುವ ವೈಲ್ಡ್ ಕಾರ್ಡ್‌ದಾಗ ಬಂದಾವ, ಲುಂಗಿ ಉಟ್ಕೊಂಡು ಒಂದು ಕಡೆ ಸುಮ್ಕ ಕುಂತಿರ್ತಿದ್ದ, ಎಲ್ಲಾರೂ ಹರಕೊಂಡು ಒದರೂವಾಗ ಇವ ತಣ್ಣಗ ಒಂದು ಮಾತು ಹೇಳ್ತಿದ್ದ, ಮನಿ ಮಂದಿ ಎಲ್ಲಾ ಗಪ್. ಬರದುಕೊಟ್ಟ ಡೈಲಾಗಲ್ಲ, ಮನ್ಯಾಗ ಆಡೂ ಮಾತು. 2025ರ ಜನವರಿದಾಗ ಗೆದ್ದ. ಆ ವೋಟೆಲ್ಲಾ ಸವಣೂರಂದ ಹೋದ್ವೇನು? ಬೆಂಗಳೂರು ಮೈಸೂರಿನ ಮಂದಿನೂ ಹಾಕ್ಯಾರ. ಚಿಗವ್ವ ನನ್ನ ಫೋನ್ ಕಸಗೊಂಡು, "ಇದರಾಗ ಹೆಂಗ ಒತ್ತೂದ ತೋರ್ಸು, ಆಮ್ಯಾಲೆ ಊಟಾ" ಅಂದಿದ್ಲು.

ಹಂಗಾದ್ರ ನಿನಗೇನ ಬೇಕಲೇ ಅಂತ ಕೇಳ್ತೀರಿ. ಒಂದ ಒಂದು ಸೀನ್. ದುರ್ಗದಬೈಲಿನ್ಯಾಗ ರಾತ್ರಿ ಒಂಬತ್ತಕ್ಕ ಗಿರ್ಮಿಟ್ ಗಾಡಿ ಮುಂದ ಒಂದು ಹುಡುಗ ಒಂದು ಹುಡುಗಿ ನಿಂತಿರಬೇಕು, ಇಬ್ರಿಗೂ ಗೊತ್ತು ಇದು ಮುಗೀತಂತ, ಕಾಗದದಾಗಿನ ಮಂಡಕ್ಕಿ ಮೆತ್ತಗ ಆಗಾಕತ್ತೈತಿ, ಯಾರೂ ಒದರಬಾರ್ದು. ಆಕಿ ಕೈ ಒರಸ್ಕೊಂಡು, "ಬರ್ತೇನಿ ಹಂಗಾದ್ರ" ಅನಬೇಕು.

ಅವ "ಹೂಂ, ಬಾ" ಅನಬೇಕು.