ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ

ಡೊಂಬಿವಲಿ, ಮುಲುಂಡ್, ನವಿ ಮುಂಬಯಿ ಕಡೆ ಸ್ಕೂಟರ್ ಓಡಿಸುವ ನಮ್ಮವರಲ್ಲಿ ಬಹಳ ಜನ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಸಾಕು ಎಂದುಕೊಂಡಿದ್ದಾರೆ. ಆ ಪಾಲಿಸಿ ಇರುವುದು ನಿಮ್ಮಿಂದ ಪೆಟ್ಟು ತಿಂದವರಿಗಾಗಿ. ವಿಮೆಯಿಲ್ಲದವನು ಬಂದು ನಿಮಗೆ ಗುದ್ದಿದರೆ ನಿಮ್ಮ ಗಾಡಿಯ ರಿಪೇರಿಗೆ ಅದರಿಂದ ಒಂದು ರೂಪಾಯಿಯೂ ಸಿಗದು. ಟ್ರಿಬ್ಯೂನಲ್ (ಮೋಟಾರು ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ) 'ಇವನೇ ಕೊಡಲಿ' ಎಂದು ಆದೇಶ ಮಾಡಬಹುದು, ಆದರೆ ಅವನ ಹತ್ತಿರ ಕೊಡಲು ಏನಾದರೂ ಇರಬೇಕಲ್ಲ.

ಇಂಥ ಗಾಡಿಗಳು ರಸ್ತೆಯಲ್ಲಿರಲು ಒಂದು ಸರಳ ಕಾರಣವಿದೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಖರೀದಿಯ ಹೊತ್ತಿಗೇ ಆಗಿಬಿಡುತ್ತದೆ. ಅವಧಿ ಮುಗಿಯುವಾಗ ಎಷ್ಟೋ ಸಲ ಗಾಡಿ ಎರಡನೆಯವರ ಕೈಯಲ್ಲಿರುತ್ತದೆ, ರಿನ್ಯೂ ಮಾಡಿಸಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 2,000 ರೂಪಾಯಿ. ಜೈಲು ಶಿಕ್ಷೆಗೂ ಕಾನೂನಿನಲ್ಲಿ ಅವಕಾಶವಿದೆ.

ಆದ್ದರಿಂದ ನಿಮ್ಮ ಗಾಡಿಗೆ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಗಾಗುವ ಹಾನಿ) ಸೇರಿದ ಫುಲ್ ಪಾಲಿಸಿಯೇ ಬೇಕು. ತಪ್ಪು ಯಾರದ್ದೇ ಇರಲಿ, ನಿಮ್ಮ ಕಂಪನಿ ರಿಪೇರಿ ಖರ್ಚು ಕೊಟ್ಟು ಆಮೇಲೆ ಗುದ್ದಿದವನಿಂದ ವಸೂಲಿಗೆ ಹೋಗಬಹುದು. ಜೀರೋ ಡೆಪ್ (ಸವಕಳಿ ಕಡಿತವಿಲ್ಲದ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50 ಕಡಿತವಾಗುತ್ತದೆ. ಈಗಿನ ಕಾರುಗಳ ಬಂಪರಿನ ಹೊರಭಾಗ ಪ್ಲಾಸ್ಟಿಕ್, ಹಾಗಾಗಿ ಜೀರೋ ಡೆಪ್ ಬಿಡಬೇಡಿ. ಸಣ್ಣಪುಟ್ಟದ್ದಕ್ಕೆ ಕ್ಲೇಮ್ ಮಾಡುವ ಮುನ್ನ ಮಾತ್ರ ಲೆಕ್ಕ ಹಾಕಿ. ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದು, ಶೇ. 50 ನೋ ಕ್ಲೇಮ್ ಬೋನಸ್‌ನಿಂದ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನೀವು 4,000 ಕಟ್ಟುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗಿಳಿದು, ಮತ್ತೆ 20, 25, 35, 45 ಎಂದು ಹತ್ತಿ 50 ಮುಟ್ಟುವಷ್ಟರಲ್ಲಿ ಹೆಚ್ಚುವರಿಯಾಗಿ ಕಟ್ಟುವುದು ಒಟ್ಟು 10,000. ಅದಕ್ಕಿಂತ ಕಡಿಮೆಯ ರಿಪೇರಿಯಾದರೆ ಕೈಯಿಂದ ಕೊಡುವುದೇ ಲಾಭ.

ಮೈಗೆ ಆಗುವ ಪೆಟ್ಟಿನ ಲೆಕ್ಕವೇ ಬೇರೆ. ಪಾಲಿಸಿಯ ಜೊತೆ ಬರುವ 15 ಲಕ್ಷದ ಪಿಎ (ಪರ್ಸನಲ್ ಆಕ್ಸಿಡೆಂಟ್) ಕವರ್ ಮಾಲೀಕನೇ ಓಡಿಸುತ್ತಿದ್ದಾಗ, ಲೈಸೆನ್ಸ್ ಸರಿಯಿದ್ದಾಗ ಮಾತ್ರ. ಅದೂ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿ ಕೂತರೆ ಅದರಿಂದ ಏನೂ ಬರದು. ಆಸ್ಪತ್ರೆ ಬಿಲ್ಲಿಗೆ ಹೆಲ್ತ್ ಇನ್ಶೂರೆನ್ಸ್ ಬೇಕು (ಅಪಘಾತಕ್ಕೆ ಮೊದಲ 30 ದಿನದ ಕಾಯುವಿಕೆ ಅನ್ವಯಿಸುವುದಿಲ್ಲ). ಕೈತಪ್ಪಿದ ಸಂಬಳಕ್ಕೆ ವಾರದ ಲೆಕ್ಕದಲ್ಲಿ ಹಣ ಕೊಡುವ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಬೇಕು. ಹೋಟೆಲಿನಲ್ಲಿ ದುಡಿಯುವ ಹುಡುಗರು ಕಡೇಪಕ್ಷ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನಾದರೂ ಮಾಡಿಸಲಿ. ವರ್ಷಕ್ಕೆ 20 ರೂಪಾಯಿ, ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಮೇ ಕೊನೆಗೆ ಖಾತೆಯಲ್ಲಿ ಆ 20 ರೂಪಾಯಿ ಇಲ್ಲದಿದ್ದರೆ ರಕ್ಷಣೆ ನಿಂತುಹೋಗುತ್ತದೆ, ನೆನಪಿರಲಿ. 2025ರ ಕೇಂದ್ರ ಯೋಜನೆಯಡಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷದವರೆಗೆ ಕ್ಯಾಶ್‌ಲೆಸ್ ಚಿಕಿತ್ಸೆಯೂ ಇದೆ. ಅದು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಸಿಗುತ್ತದೆ, 112ಕ್ಕೆ ಕರೆ ಮಾಡಿ ಕೇಳಿ.

ಗುದ್ದಿದ ಜಾಗದಲ್ಲೇ ಎಂಪರಿವಾಹನ್ ಎಂಬ ಸರಕಾರಿ ಆ್ಯಪ್‌ನಲ್ಲಿ ಆ ಗಾಡಿಯ ನಂಬರ್ ಹಾಕಿ, ವಿಮೆಯ ಕೊನೆಯ ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ತೆಗೆಯಿರಿ. ಅದೇ ಸಂಜೆ ಆನ್‌ಲೈನಿನಲ್ಲಿ ಪಾಲಿಸಿ ತೆಗೆದು 'ಇತ್ತಲ್ಲ' ಎನ್ನುವವರಿದ್ದಾರೆ. ಪಾಲಿಸಿ ಶುರುವಾದ ಗಂಟೆಯೂ ಪಾಲಿಸಿ ಪತ್ರದಲ್ಲೇ ಇರುತ್ತದೆ, ನೋಡಿ. ಮಾಂಡವಲಿಗೆ (ಅಲ್ಲಲ್ಲೇ ಹಣ ಕೊಟ್ಟು ಮಾಡುವ ರಾಜಿಗೆ) ಒಪ್ಪಬೇಡಿ. ಐದು ಸಾವಿರ ಪಡೆದು 'ಏನೂ ತಕರಾರಿಲ್ಲ' ಎಂದು ಬರೆದುಕೊಟ್ಟ ಮೇಲೆ ರಾತ್ರಿ ಮಣಿಕಟ್ಟು ಊದಿ ಫ್ರ್ಯಾಕ್ಚರ್ ಎಂದು ತಿಳಿದರೆ ಆ ಚೀಟಿಯೇ ನಿಮಗೆ ಉರುಳು. ವಸೂಲಿಯ ಹಕ್ಕನ್ನು ನೀವೇ ಬಿಟ್ಟಿದ್ದೀರಿ ಎಂದು ನಿಮ್ಮ ಕಂಪನಿಯೂ ತಕರಾರು ಎತ್ತಬಹುದು. ಸ್ಟೇಷನ್ನಿನಲ್ಲಿ ಜಬಾಬ್ (ಹೇಳಿಕೆ), ಪಂಚನಾಮೆ ಎಲ್ಲ ಮರಾಠಿಯಲ್ಲಿ ಆಗುತ್ತದೆ. ಸಹಿಗೆ ಮೊದಲು ಓದಿಸಿಕೊಂಡು ಗಾಡಿ ನಂಬರಿನ ಒಂದೊಂದು ಅಂಕಿಯನ್ನೂ ತಾಳೆ ನೋಡಿ.

ಗಾಯವಾಗಿದ್ದರೆ ವಸೂಲಿಗೆ ಇರುವ ನಿಜವಾದ ಹಿಡಿತ ಆ ಗಾಡಿಯೇ. ವಿಮೆಯಿಲ್ಲದ ಗಾಡಿ ಗಾಯಕ್ಕೋ ಸಾವಿಗೋ ಕಾರಣವಾದರೆ, ಮಾಲೀಕ ಸಾಕಷ್ಟು ಭದ್ರತೆ ಕೊಡದೆ ಅದನ್ನು ಬಿಡುಗಡೆ ಮಾಡದಂತೆ, ಕೊಡದಿದ್ದರೆ ಹರಾಜು ಹಾಕಿ ಹಣವನ್ನು ಟ್ರಿಬ್ಯೂನಲ್ಲಿಗೆ ಕಟ್ಟುವಂತೆ ನಿಯಮ ಮಾಡಲು 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಗಾಡಿ ಬಿಡಿಸಿಕೊಳ್ಳುವ ಅರ್ಜಿ ಬಂದ ದಿನವೇ ನಿಮ್ಮ ವಕೀಲರು ಇದನ್ನು ಎತ್ತಲಿ. ಒಮ್ಮೆ ಹೊರಗೆ ಹೋದ ಗಾಡಿ ಮತ್ತೆ ಕೈಗೆ ಸಿಗುವುದು ಕಷ್ಟ.

ಇಲ್ಲಿ ಹಳೆಯ ಗಾಡಿಗಳು ಬರೀ ತಾಬಾ ಪಾವತಿಯ (ಗಾಡಿ ಕೈಗೆ ಬಂತು ಎಂಬ ಚೀಟಿ) ಮೇಲೆ ಕೈ ಬದಲಾಗುವುದೂ ಉಂಟು. ಆರ್‌ಸಿಯಲ್ಲಿ ಹೆಸರಿರುವವನೇ ಕಾನೂನಿಗೆ ಮಾಲೀಕ. ಆದ್ದರಿಂದ ಓಡಿಸಿದವನ ಜೊತೆ ಅವನನ್ನೂ, ಕೆಲಸದ ಮೇಲೆ ಓಡಿಸುತ್ತಿದ್ದರೆ ಕೆಲಸ ಕೊಟ್ಟವರನ್ನೂ ಕ್ಲೇಮಿನಲ್ಲಿ ಸೇರಿಸಿ. ನೀವೇ ಗಾಡಿ ಮಾರಿದ್ದರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ಕೊಟ್ಟು ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ಊರಿಗೆ ಹೋಗುವಾಗ ಭಟ್ಕಳದ ಹತ್ತಿರ ಅಪಘಾತವಾದರೂ ನೀವು ವಾಸಿಸುವ ಠಾಣೆ ಜಿಲ್ಲೆಯ ಟ್ರಿಬ್ಯೂನಲ್ಲಿನಲ್ಲೇ ಅರ್ಜಿ ಹಾಕಬಹುದು. ಕಾನೂನಿನಲ್ಲಿರುವ ಗಡುವು 6 ತಿಂಗಳು. ಗುದ್ದಿ ಓಡಿಹೋದವನ ನಂಬರೇ ಸಿಗದಿದ್ದರೆ ಸರಕಾರದ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ಸಿಗುತ್ತದೆ. ಗೋವಾದಲ್ಲಿ ಬಾಡಿಗೆಗೆ ಬೈಕ್ ತೆಗೆಯುವಾಗ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದದ್ದನ್ನೇ ತೆಗೆದುಕೊಳ್ಳಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಅದನ್ನು ಹತ್ತಿದರೆ ವಿಮೆಯ ಬಲವಿಲ್ಲದೆ ಓಡಿಸುವವರು ನೀವೇ ಆಗುತ್ತೀರಿ.