ಕಳ್ಳಿನ ಯೀಸ್ಟ್, ಮೀನಿನಂಗಡಿಯ ಐಸ್: ನಾಲ್ಕನೇ ವಾರ

ಡಿಎನ್‌ಎಯ ಯಾವ ಜಾಗಗಳಲ್ಲಿ ಒಂದು ಪ್ರೋಟೀನ್ ಗುರುತು ಕುಳಿತಿದೆ ಎಂದು ಹುಡುಕುವ ಚಿಪ್-ಸೀಕ್ (ChIP-seq) ಪ್ರಯೋಗ ನನ್ನದು; ಅದಕ್ಕೆ ಮೊದಲು ಡಿಎನ್‌ಎಯನ್ನು ಸಣ್ಣ ತುಂಡು ಮಾಡಬೇಕು. ಕಳೆದ ವಾರ, ಡಿಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನ ಮೇಲ್ತುದಿಯಲ್ಲಿ ದಪ್ಪ ಪಟ್ಟಿಯೊಂದು ಕುಳಿತಿತ್ತು, ಕೆಳಗೆಲ್ಲ ಖಾಲಿ. ಡಿಎನ್‌ಎ ತುಂಡಾಗಿಯೇ ಇರಲಿಲ್ಲ. ಈ ವಾರ ಕಾರಣ ಸಿಕ್ಕಿತು: ನೊರೆ.

ಯೀಸ್ಟ್ ಬದಿಯಡ್ಕದ ಕಡೆಯ ತೋಟವೊಂದರ ತೆಂಗಿನ ಕಳ್ಳಿನದು. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್‌ಗಳಲ್ಲೊಂದಾದ ಹಿಸ್ಟೋನ್ ಎಚ್3ರ ನಾಲ್ಕನೇ ಅಮೈನೊ ಆಮ್ಲಕ್ಕೆ (ಲೈಸಿನ್‌ಗೆ) ಮೂರು ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡ ಜಾಗಗಳನ್ನು ಹುಡುಕುತ್ತಿದ್ದೇನೆ. ಚುರುಕಾಗಿ ಕೆಲಸ ಮಾಡುವ ಜೀನ್‌ಗಳ ಆರಂಭದಲ್ಲಿ ಈ ಗುರುತು ಇರುತ್ತದೆ. ಬೇರೆ ಪ್ರೋಟೀನ್ ಆರಿಸಿದ್ದರೆ ಬಹುಶಃ ಹಿಡಿದೆಳೆಯಲು ಅದಕ್ಕೊಂದು ಟ್ಯಾಗ್ (ಗುರುತಿನ ಬಾಲ) ಜೋಡಿಸುವ ಕೆಲಸವೂ ತಲೆಗೆ ಬೀಳುತ್ತಿತ್ತು. ಇದಕ್ಕಾದರೆ ಈ ಗುರುತನ್ನೇ ಹಿಡಿಯುವ ಆಂಟಿಬಾಡಿ ಸಿದ್ಧವಾಗಿಯೇ ಸಿಗುತ್ತದೆ. ಸೋಮಾರಿತನ ಎಂದರೆ ಒಪ್ಪುತ್ತೇನೆ.

ಶೇ. 1ರ ಫಾರ್ಮಾಲ್ಡಿಹೈಡ್‌ನಲ್ಲಿ ಹತ್ತು ನಿಮಿಷ ಇಟ್ಟು ಪ್ರೋಟೀನನ್ನು ಡಿಎನ್‌ಎಗೆ ಬೆಸೆದು, ಗ್ಲೈಸಿನ್ ಹಾಕಿ ನಿಲ್ಲಿಸಿ, ಗಾಜಿನ ಮಣಿಗಳ ಜೊತೆ ಕುಲುಕಿ ಕೋಶಭಿತ್ತಿ ಒಡೆಯುವವರೆಗೆ ತಕರಾರಿಲ್ಲ. ತಕರಾರು ಸದ್ದಿನ ಅಲೆಗಳಿಂದ ಡಿಎನ್‌ಎ ತುಂಡರಿಸುವ ಸೋನಿಕೇಟರ್‌ನದು. ಹೋದ ಸಲ ಅದರ ಕಡ್ಡಿಯ ತುದಿಯನ್ನು ದ್ರವದ ಮೇಲ್ಮೈ ಹತ್ತಿರವೇ ಹಿಡಿದಿದ್ದೆ. ಅಂಟುವಾಳ ಕದಡಿದಂತೆ ಬುಸ್ಸೆಂದು ನೊರೆ ಎದ್ದಿತ್ತು. ನೊರೆ ಬಂದರೆ ಶಕ್ತಿ ದ್ರವಕ್ಕೆ ಇಳಿಯುವುದಿಲ್ಲ; ಸದ್ದು ಮಾತ್ರ ಊರಿಗೆಲ್ಲ ಕೇಳುತ್ತದೆ. ಈ ಸಲ ತುದಿಯನ್ನು ತಳಕ್ಕೆ ತಾಗದಷ್ಟು ಕೆಳಗಿಳಿಸಿ, ಶಕ್ತಿಯನ್ನು ಮೆಲ್ಲಗೆ ಏರಿಸಿದೆ. ಹತ್ತು ಸೆಕೆಂಡು ಓಟ, ಮೂವತ್ತು ಸೆಕೆಂಡು ವಿರಾಮ. ಈಗ ಕಿವಿಗೇ ಗೊತ್ತಾಗುತ್ತದೆ: ತುದಿ ಮೇಲೆ ಬಂದರೆ ಕಿರುಚುತ್ತದೆ, ಮುಳುಗಿದ್ದರೆ ಗುಂಯ್‌ಗುಡುತ್ತದೆ.

ವಿರಾಮ ಬಿಸಿ ಏರದಿರಲೆಂದು. ಟ್ಯೂಬ್ ಸದಾ ಐಸ್‌ನಲ್ಲಿರಬೇಕು, ನಮ್ಮ ಐಸ್ ಯಂತ್ರವೋ ಕೆಟ್ಟು ಮಲಗಿದೆ. ಥರ್ಮಾಕೋಲ್ ಪೆಟ್ಟಿಗೆ ಹಿಡಿದು ಕಾಸರಗೋಡಿನ ಮೀನಿನಂಗಡಿಗೆ ಹೋದೆ. "ಯಾವ ಮೀನಿಗೆ, ಮೋಳೇ?" ಎಂದರು ಕಾಕ. "ಮೀನಿಗಲ್ಲ ಕಾಕ, ಕಳ್ಳಿಗೆ" ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಪೆಟ್ಟಿಗೆಗೆ ಇನ್ನೂ ಬಂಗುಡೆಯ ವಾಸನೆ.

ಸ್ವಲ್ಪ ಭಾಗವನ್ನು ರಾತ್ರಿಯಿಡೀ 65 ಡಿಗ್ರಿಯಲ್ಲಿಟ್ಟು ಬೆಸುಗೆ ಬಿಡಿಸಿ, ಪ್ರೋಟೀನ್ ಕರಗಿಸುವ ಕಿಣ್ವ ಪ್ರೋಟೀನೇಸ್ ಕೆ ಹಾಕಿ ಜೆಲ್ ಓಡಿಸಿದೆ. ಈ ಸಲ ಡಿಎನ್‌ಎ ತುಂಡಾಗಿ, 200ರಿಂದ 500 ಬೇಸ್ ಜೋಡಿಗಳ (ಡಿಎನ್‌ಎ ಉದ್ದದ ಅಳತೆ) ನಡುವೆ ಮಂಜಿನಂತೆ ಹರಡಿಕೊಂಡಿತ್ತು. ಫೋಟೋ ತೆಗೆದು ಅಮ್ಮನಿಗೂ ಕಳುಹಿಸಿದೆ. "ಏನೋ ಚೆಲ್ಲಿದ ಹಾಗಿದೆ" ಎಂದು ಉತ್ತರ ಬಂತು.

ಆಂಟಿಬಾಡಿ ಬೆರೆಸುವ ಮೊದಲು ಶೇ. 5ರಷ್ಟನ್ನು ಇನ್‌ಪುಟ್ ಎಂದು ತೆಗೆದಿಟ್ಟೆ. ಹೋಲಿಕೆಗೆ ಅದಿಲ್ಲದಿದ್ದರೆ ಮುಂದೆ ಗುರುತು ಇರುವ ಕಡೆ ನಕ್ಷೆಯಲ್ಲಿ ಏಳುವ ಶಿಖರಗಳನ್ನು ನಂಬುವಂತಿಲ್ಲ. ಆಂಟಿಬಾಡಿಯನ್ನು ಹಿಡಿದೆಳೆಯಲು ಕಾಂತೀಯ ಮಣಿಗಳು, ನಾಲ್ಕು ಬಗೆಯ ತೊಳೆತ, ಕೊನೆಗೆ ಕೈಗೆ ಬಂದ ಡಿಎನ್‌ಎ 8 ನ್ಯಾನೊಗ್ರಾಂ. ಲೈಬ್ರರಿ ಮಾಡುವಾಗ, ಅಂದರೆ ಯಂತ್ರ ಓದಲೆಂದು ತುಂಡುಗಳ ತುದಿಗೆ ಅಡಾಪ್ಟರ್ ಎಂಬ ಪುಟ್ಟ ಡಿಎನ್‌ಎ ಜೋಡಿಸುವಾಗ, ಮತ್ತೆ ಎಡವಿದೆ: ಇಷ್ಟು ಕಡಿಮೆ ಡಿಎನ್‌ಎಗೆ ಅಡಾಪ್ಟರ್ ತೆಳುಮಾಡಬೇಕಿತ್ತು, ಮಾಡಲಿಲ್ಲ. ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ 12 ಸುತ್ತು ಮುಗಿದಾಗ, ಉದ್ದ ಅಳೆದ ನಕ್ಷೆಯಲ್ಲಿ 125 ಬೇಸ್ ಜೋಡಿಗಳ ಹತ್ತಿರ ಚೂಪಾದ ಶಿಖರ. ಅಡಾಪ್ಟರ್‌ಗಳು ತಮ್ಮತಮ್ಮೊಳಗೇ ಜೋಡಿಯಾಗಿದ್ದವು. ಬಿಟ್ಟರೆ ದುಡ್ಡು ಕೊಟ್ಟ ರೀಡ್‌ಗಳನ್ನು (ಯಂತ್ರ ಓದುವ ಡಿಎನ್‌ಎ ತುಣುಕುಗಳನ್ನು) ಅವೇ ತಿನ್ನುತ್ತವೆ. ಉದ್ದದ ತುಂಡುಗಳನ್ನು ಮಾತ್ರ ಹಿಡಿಯುವ ಮಣಿಗಳನ್ನು ದ್ರಾವಣದ 0.9 ಪಟ್ಟು ಹಾಕಿ ಇನ್ನೊಮ್ಮೆ ತೊಳೆದ ಮೇಲೆ ಶಿಖರ ಸಣ್ಣ ಉಬ್ಬಾಗಿ ಉಳಿದಿದೆ.

ನಾಳೆ ಮತ್ತೊಂದು ಸುತ್ತು ತೊಳೆದು ಡಿಎನ್‌ಎ ಓದಿಸಲು ಬೆಂಗಳೂರಿಗೆ ಕಳುಹಿಸುತ್ತೇನೆ. ಯೀಸ್ಟ್ ಜೀನೋಮ್ (ಅದರ ಒಟ್ಟು ಡಿಎನ್‌ಎ) ಸುಮಾರು 1.2 ಕೋಟಿ ಬೇಸ್ ಜೋಡಿಗಳಷ್ಟೇ. ಸ್ಯಾಂಪಲ್‌ಗೆ 50 ಲಕ್ಷ ರೀಡ್ ಕೇಳಿದ್ದೇನೆ.